ಮಳೆಯ ದಿನವನ್ನು ಹೇಳಬಹುದೆ?

ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿಯ ಸೀಮೆ ಪೂರಾ ಮಲೆನಾಡೂ ಅಲ್ಲ, ಬಯಲುನಾಡೂ ಅಲ್ಲ. ತುಂಗಭದ್ರೆ ಹರಿಯುವ ನಾಡೇ ಆದರೂ ಏರಿನ ಮೇಲಿನ ಹೊಲಕ್ಕೆ ಮುಗಿಲೇ ಗತಿ. ಮೃಗಶಿರ ಹನಿದಾಗ ಬಿತ್ತಿ, ಆರಿದ್ರೆ ಕೈಕೊಟ್ಟರೆ ಬೀಜದ ಹಣ ಮಣ್ಣುಪಾಲು. ಆದ್ದರಿಂದ ಅಲ್ಲಿಯ ರೈತರು ಹೀಗೆ ಕೇಳಿದರೆ ನ್ಯಾಯವೇ: ಗ್ರಹಣವನ್ನು ನೂರು ವರ್ಷ ಮೊದಲೇ ಹೇಳುವವರು ಮುಂದಿನ ತಿಂಗಳ ಮಳೆಯ ದಿನವನ್ನೇಕೆ ಹೇಳಲಾರರು?

ಗಾಳಿಗೆ ನಿಯಮವಿಲ್ಲವೆಂದಲ್ಲ, ಆ ನಿಯಮದ ಸ್ವಭಾವವೇ ತೊಡಕಿನದು. ಕಾಗದ, ಪೆನ್ಸಿಲು ಹತ್ತಿರವಿದ್ದರೆ ಒಂದು ಲೆಕ್ಕ ಮಾಡಿ ನೋಡಿ. 0.3 ಬರೆದುಕೊಳ್ಳಿ. ಒಂದರಿಂದ ಅದನ್ನು ಕಳೆದು, ಉಳಿದುದನ್ನು ಆ 0.3ರಿಂದ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿ. 0.84 ಬರುತ್ತದೆ. ಬಂದ ಉತ್ತರಕ್ಕೆ ಇದನ್ನೇ ಮತ್ತೆ ಮತ್ತೆ ಮಾಡಿ. ಪಕ್ಕದಲ್ಲಿ 0.301ರಿಂದ ಇನ್ನೊಂದು ಸಾಲು ನಡೆಸಿ. ಎರಡನೆಯ ಹೆಜ್ಜೆಯಲ್ಲಿ 0.538, 0.533, ಅಣ್ಣತಮ್ಮಂದಿರಂತೆ ಜೊತೆಯಲ್ಲೇ ಇವೆ. ಹತ್ತನೆಯ ಹೆಜ್ಜೆಗೆ ಒಂದು 0.04, ಇನ್ನೊಂದು 0.62! ನಡುವೆ ಯಾರೂ ದಾಳ ಉರುಳಿಸಿಲ್ಲ. ಸಂಖ್ಯೆ ತನ್ನನ್ನು ತಾನೇ ಗುಣಿಸಿಕೊಳ್ಳುವ ಇಂಥ ನಿಯಮಗಳು ಅರೇಖೀಯ. ಅವೆಲ್ಲ ಹೀಗೆ ಕೆರಳುವುದಿಲ್ಲ. ಕೆರಳಿದಾಗ ‘ಕೇಯಾಸ್’ ಎನ್ನುತ್ತಾರೆ. ಎರಡು ಕೀಲಿನ ಲೋಲಕದಲ್ಲಿಯೂ ಕೆಲವು ವಿದ್ಯುನ್ಮಂಡಲಗಳಲ್ಲಿಯೂ ಇದನ್ನು ಕಾಣಬಹುದು.

1961ರಲ್ಲಿ ಅಮೆರಿಕದ ಎಡ್ವರ್ಡ್ ಲೊರೆಂಜ್ ಗಣಕಯಂತ್ರದಲ್ಲಿ ಹವೆಯ ಲೆಕ್ಕವೊಂದನ್ನು ಮರಳಿ ನಡೆಸುವಾಗ 0.506127ಕ್ಕೆ ಬದಲು 0.506 ಎಂದಷ್ಟೇ ಕೊಟ್ಟರು. ಕೊಂಚ ಹೊತ್ತು ಹಳೆಯ ಹವೆಯೇ ಬಂತು. ಬರಬರುತ್ತ ಬೇರೆಯೇ ಆಯಿತು. ಆಕಾಶದ ಮೂಲೆಮೂಲೆಯನ್ನೂ ಅಳೆಯುವವರು ಯಾರು? ಹೀಗಾಗಿ ದಿನದಿನದ ಮುನ್ಸೂಚನೆ ಸುಮಾರು ಎರಡು ವಾರಕ್ಕೆ ಮುಗ್ಗರಿಸುತ್ತದೆ.

ಆದರೆ ಕಡಲಿನ ಬಿಸಿ ನಿಧಾನವಾಗಿ ಬದಲಾಗುವಂಥದು. ಅದು ಇಡೀ ಮುಂಗಾರನ್ನು ಒಂದು ಕಡೆಗೆ ವಾಲಿಸಬಲ್ಲದೆಂದು ಜೂಲ್ ಚಾರ್ನಿ, ಜಗದೀಶ್ ಶುಕ್ಲ ಇಬ್ಬರೂ 1981ರಲ್ಲಿ ವಾದಿಸಿದರು. ಋತುವಿನ ಮೊತ್ತವನ್ನಾದರೂ ಊಹಿಸಬಹುದೆಂಬ ಭರವಸೆ ಇದರಿಂದ ಗಟ್ಟಿಯಾಯಿತು. ಅದೂ ಭರವಸೆಯಷ್ಟೆ: 2002ರಲ್ಲಿ ವಾಡಿಕೆಯ ಮಳೆಯೆಂದು ಸೂಚನೆಯಿತ್ತು, ಜುಲೈನಲ್ಲಿ ದೇಶದ ಮಳೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು ಪಾವಗಡ ಸೀಮೆಯ ಶೇಂಗಾ ಬೆಳೆಗಾರರೊಡನೆ ಕುಳಿತು ಪ್ರಶ್ನೆಯನ್ನೇ ತಿರುಗಿಸಿದರು. ಮಳೆ ಯಾವ ದಿನ ಬರುತ್ತದೆ ಎನ್ನುವುದನ್ನು ಬಿಟ್ಟು, ಹಿಂದಿನ ಹಲವು ವರ್ಷಗಳ ಮಳೆ ನೋಡಿದರೆ ಯಾವ ವಾರದ ಬಿತ್ತನೆಗೆ ನಷ್ಟದ ಭಯ ಕಡಿಮೆ ಎಂದು ಲೆಕ್ಕ ಹಾಕಿದರು. ಸಾಸ್ವೆಹಳ್ಳಿಯವರಿಗೂ ಇದೇ ದಾರಿ ಸಲ್ಲುತ್ತದೆಂದು ನನ್ನ ಎಣಿಕೆ. ಹತ್ತಿರದ ಮಳೆಮಾಪಕದ ಹಳೆಯ ಪುಸ್ತಕ ತೆರೆದು, ಮೃಗಶಿರದ ಹನಿಯ ಬೆನ್ನಿಗೆ ಹದಿನೈದು ದಿನ ಒಣಗಿದ ವರ್ಷಗಳೆಷ್ಟೆಂದು ಎಣಿಸಲು ಗಣಕಯಂತ್ರವೂ ಬೇಡ.