ಹಳೆಯ ಕೋವಿಯ ಬೆಲೆ



ನಲ್ಲೂರಿನ ಹುಣಸೆಯ ತೋಪಿಗೆ ದೇವನಹಳ್ಳಿಯ ಕೋಟೆ ದೂರವೇನಲ್ಲ. ಟಿಪ್ಪು ಸುಲ್ತಾನನು ಹುಟ್ಟಿದ ಊರು ಅದು. ಆದಕಾರಣ ಈ ಸೀಮೆಯ ಅಟ್ಟದಿಂದ ತುಕ್ಕು ಹಿಡಿದ ಆಯುಧವೊಂದು ಇಳಿಯಿತೆಂದರೆ, ಅದು ಸುಲ್ತಾನನದೇ ಎಂಬ ಮಾತು ಹುಟ್ಟಲು ತಡವಾಗದು. ಅದನ್ನು ನಂಬಿ ಕೊಳ್ಳುವವನು ಹಣವನ್ನು ಕಳೆದುಕೊಂಡಾನು; ನಂಬದೆ ಗುಜರಿಗೆ ಹಾಕುವವನು ಚರಿತ್ರೆಯ ಒಂದು ಸಾಕ್ಷಿಯನ್ನೇ ಕಳೆದಾನು.

ಸಿಕ್ಕಿದ್ದು ರಿವಾಲ್ವರಾದರೆ ವಾದಕ್ಕೆ ಎಡೆ ಕಡಮೆ. ಶ್ರೀರಂಗಪಟ್ಟಣವು ಬಿದ್ದದ್ದು 1799ರ ಮೇ 4ರಂದು. ಅಮೆರಿಕದ ಕೋಲ್ಟನು ತನ್ನ ದೇಶದಲ್ಲಿ ರಿವಾಲ್ವರಿಗೆ ಪೇಟೆಂಟು ಪಡೆದದ್ದು 1836ರಲ್ಲಿ. ಅದಕ್ಕೆ ಮುಂಚೆಯೂ ಅಂಥ ಪ್ರಯೋಗಗಳು ನಡೆದಿದ್ದುವಾದರೂ ಅವು ಅಪರೂಪ. ಸುಲ್ತಾನನ ಕೋವಿ ಪಿಸ್ತೂಲುಗಳು ಚಕಮಕಿ ಕಲ್ಲಿನವು. ಹಾಗೆಂದು ಕೇಪಿನ ಕೋವಿಯನ್ನು ಕಂಡೊಡನೆ ತಳ್ಳಿಹಾಕಲೂ ಆಗದು. ಚಕಮಕಿಯ ಕೋವಿಯನ್ನೇ ಮುಂದೆ ಕೇಪಿಗೆ ಮಾರ್ಪಡಿಸಿದ್ದುಂಟು. ಆಗ ಪಕ್ಕದ ತಗಡಿನಲ್ಲಿ ಮುಚ್ಚಿದ ಹಳೆಯ ರಂಧ್ರಗಳು ಕಾಣುತ್ತವೆ.

ಸುಲ್ತಾನನ ಕಾರಖಾನೆಯ ಉತ್ತಮ ಕೋವಿಗಳಲ್ಲಿ ಹುಲಿಪಟ್ಟೆಯ ಅಲಂಕಾರ, ಹೈದರ್ ಎಂಬ ಹೆಸರಿನ ಮುದ್ರೆ, ಆತನೇ ಜಾರಿಗೆ ತಂದ ಮೌಲೂದಿ ಶಕದ ವರ್ಷ ಇವು ಇರುತ್ತವೆ. ಈ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. 1224 ಎಂಬುದು ನಮ್ಮ ಕಣ್ಣಿಗೆ 4221 ಎಂದು ತೋರುತ್ತದೆ. ನಕಲು ಮಾಡುವವನು ಎಡವುವುದು ಇಂಥಲ್ಲಿಯೇ. ಆದರೆ ಮುದ್ರೆಯನ್ನು ಯಾರು ಬೇಕಾದರೂ ಒತ್ತಬಹುದು. ಅದರ ಅಂಚಿನ ಸವೆತವು ಸುತ್ತಲಿನ ಕಬ್ಬಿಣದ ಸವೆತದೊಡನೆ ಹೊಂದುವುದೇ ಎಂಬುದನ್ನು ಭೂತಕನ್ನಡಿಯಲ್ಲಿ ನೋಡುವುದೇ ಸರಿ.

ಬೆಲೆಯಾದರೋ ಕೈಯಿಂದ ಕೈಗೆ ಬಂದ ದಾಖಲೆಯನ್ನೂ ಅವಲಂಬಿಸಿದೆ. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಲ್ತಾನನ ಒಂದು ಬೇಟೆಯ ಕೋವಿಗೆ 7,22,500 ಪೌಂಡು ಬಂದಿತು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯ ಅಟ್ಟದಿಂದ ಹೊರಬಂದ ಕೋವಿಗೆ 60,000 ಪೌಂಡು ದೊರೆಯಿತು. ಅದನ್ನು ಕಂಪನಿಯ ಸೈನ್ಯದ ಮೇಜರ್ ಹಾರ್ಟನು ಒಯ್ದಿದ್ದನೆಂಬ ವಂಶಪರಂಪರೆಯ ಆಧಾರವೂ ಆ ಬೆಲೆಗೆ ಬೆಂಬಲವಾಗಿತ್ತು. ಆದ್ದರಿಂದ ಕೋವಿಯ ಜೊತೆಗೆ ಹಳೆಯ ಕಾಗದಗಳಿದ್ದರೆ ಅವನ್ನು ಒಲೆಗೆ ಹಾಕದಿರುವುದು ಜಾಣತನ.

ನಮ್ಮವರಿಗೆ ಹಳೆಯ ಲೋಹವನ್ನು ಕಂಡರೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಚಪಲ. ನಲ್ಲೂರಿನ ಹುಣಸೆ ಎಷ್ಟೇ ಒಳ್ಳೆಯದಾಗಲಿ, ಅದು ಕೋವಿಗೆ ಬೇಡ. ಹೊಳಪಿನೊಡನೆ ಅಕ್ಷರವೂ ಅಳಿದುಹೋಗುತ್ತದೆ. ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾನೂನು ನಿಷೇಧಿಸುತ್ತದೆ. ಅದಕ್ಕಿಂತ ಮೊದಲಿನ ಎಚ್ಚರ ಇನ್ನೊಂದುಂಟು: ಬಾಯಿಯಿಂದ ಮದ್ದು ತುಂಬುವ ಕೋವಿಯೊಳಗೆ ಅಜ್ಜನ ಕಾಲದ ಮದ್ದು ಇನ್ನೂ ಉಳಿದಿರಬಹುದು. ಬಲ್ಲವರು ಬಂದು ನೋಡುವವರೆಗೆ ಅದರ ಕುದುರೆಯನ್ನು ಯಾರೂ ಎಳೆಯತಕ್ಕದ್ದಲ್ಲ.