ಊರ ಕಟ್ಟ ಮತ್ತು ಒಬ್ಬರ ಒಡಂಬಡಿಕೆ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ಶಾಲೆಯ ಕಂಪ್ಯೂಟರುಗಳಲ್ಲಿ ನಡೆಯುತ್ತಿರುವುದು ಲಿನಕ್ಸ್ ಎಂಬುದನ್ನು ಮಕ್ಕಳೆಲ್ಲರೂ ಬಲ್ಲರು. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ ಐ.ಟಿ. ಅಟ್ ಸ್ಕೂಲ್ ಯೋಜನೆಯು ಶಾಲೆಗಳನ್ನು ಕ್ರಮೇಣ ಮುಕ್ತ ತಂತ್ರಾಂಶದ ದಾರಿಗೆ ತಂದಿತು. ಕಾಸರಗೋಡಿನ ಕನ್ನಡ ಶಾಲೆಗಳಿಗೂ ಆ ಪ್ರಯೋಜನವು ದೊರೆಯಿತು. ಇದಕ್ಕೆ ನಾವು ಬೆಲೆ ತೆತ್ತಿಲ್ಲ. ‘ಬೆಲೆ ತೆರದೆ ಬಂದ ವಸ್ತುವಿಗೆ ನಾಳೆ ಯಾರಾದರೂ ಒಡೆಯರು ಹುಟ್ಟಿಕೊಂಡರೆ ಏನು ಗತಿ?’ ಎಂದು ಪಾಲಕರು ಕೇಳುವುದುಂಟು. ಪ್ರಶ್ನೆಯು ಯುಕ್ತವಾದುದೇ. ಅಮೆರಿಕದಲ್ಲಿ ಇದೇ ಪ್ರಶ್ನೆಯು ಒಮ್ಮೆ ದೊಡ್ಡ ವಿವಾದವಾಗಿ ಎದ್ದಿತು. ಅದರ ವೃತ್ತಾಂತವನ್ನು ಇಂದು ತಮ್ಮ ಮುಂದಿಡಲು ಬಯಸುತ್ತೇವೆ.

1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಎಂಬವರು ಗ್ನು ಎಂಬ ಮುಕ್ತ ತಂತ್ರಾಂಶದ ಕಾರ್ಯವನ್ನು ಸಾರಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸನ್ನು ಹೊರತಂದರು. ಇವುಗಳಿಗೆ ಜಿ.ಪಿ.ಎಲ್. ಎಂಬ ಪರವಾನಗಿಯುಂಟು. ಬಳಸು, ಒಳಗಿನ ಬರಹವನ್ನು ಓದು, ತಿದ್ದು, ಹಂಚು. ಆದರೆ ನೀನು ಪಡೆದ ಹಕ್ಕನ್ನು ನಿನ್ನಿಂದ ಪಡೆಯುವವನಿಗೂ ಕೊಡು ಎಂಬುದೇ ಅದರ ತಿರುಳು.

ಮೈಕ್ರೋಸಾಫ್ಟ್ ಸಂಸ್ಥೆಗೆ ಆಗ ಈ ಪದ್ಧತಿಯು ಸೇರುತ್ತಿರಲಿಲ್ಲ. ಅದರ ಮುಖ್ಯಾಧಿಕಾರಿಯಾಗಿದ್ದ ಸ್ಟೀವ್ ಬಾಲ್ಮರ್ 2001ರಲ್ಲಿ ಲಿನಕ್ಸನ್ನು ಅರ್ಬುದ ರೋಗಕ್ಕೆ ಹೋಲಿಸಿದ್ದರು. ಹೀಗಿರಲು, 2006ರ ನವೆಂಬರ್ 2ರಂದು ಆ ಸಂಸ್ಥೆಯು ಸೂಸೆ ಲಿನಕ್ಸಿನ ಒಡೆತನವಿದ್ದ ನೋವೆಲ್ ಕಂಪನಿಯೊಡನೆ ಸಹಕಾರದ ಒಡಂಬಡಿಕೆಯನ್ನು ಸಾರಿತು. ಸೂಸೆಯ ಸೇವಾಚೀಟಿಗಳಿಗೆ 24 ಕೋಟಿ ಡಾಲರು, ಪೇಟೆಂಟಿನ ಬಾಬತ್ತು 10 ಕೋಟಿ 80 ಲಕ್ಷ ಡಾಲರು ಮೈಕ್ರೋಸಾಫ್ಟಿನಿಂದ. ಐದು ವರ್ಷಗಳಲ್ಲಿ ಕನಿಷ್ಠ 4 ಕೋಟಿ ಡಾಲರು ನೋವೆಲಿನಿಂದ. ವಿಂಡೋಸ್ ಮತ್ತು ಲಿನಕ್ಸ್ ಎರಡೂ ಇರುವ ಕಚೇರಿಗಳಿಗೆ ಇದರಿಂದ ಅನುಕೂಲವಿದ್ದುದು ನಿಜ. ಆದರೆ ಪೇಟೆಂಟಿನ ವಿಷಯದಲ್ಲಿ ಪರಸ್ಪರರ ಗ್ರಾಹಕರ ಮೇಲೆ ದಾವೆ ಹೂಡೆವು ಎಂಬ ಮಾತೂ ಅದರಲ್ಲಿತ್ತು. ಲಿನಕ್ಸ್ ಬಳಗವು ಕೆರಳಿದುದು ಈ ಮಾತಿಗೆ.

ನಮ್ಮೂರಿನ ದೃಷ್ಟಾಂತದಿಂದಲೇ ಇದನ್ನು ನೋಡೋಣ. ಮಳೆಗಾಲ ಕಳೆದ ಮೇಲೆ ಹತ್ತು ಮನೆಯವರು ಕೂಡಿ ತೋಡಿಗೆ ಕಟ್ಟ ಕಟ್ಟುತ್ತಾರೆ. ನೀರು ಹತ್ತು ತೋಟಗಳಿಗೂ ಸೇರಿದ್ದು. ಹೊರಗಿನ ಧನಿಕನೊಬ್ಬನು ‘ಈ ನೀರಿನಲ್ಲಿ ನನಗೆ ಹಕ್ಕಿದೆ’ ಎನ್ನುತ್ತ, ದಾಖಲೆಯನ್ನು ಮಾತ್ರ ತೋರಿಸದೆ, ಒಂದು ಮನೆಯವರಿಗೆ ‘ನಿಮ್ಮ ಮೇಲೆ ವ್ಯಾಜ್ಯ ಹೂಡೆನು’ ಎಂದು ಪತ್ರ ಬರೆದುಕೊಟ್ಟರೆ, ಉಳಿದ ಒಂಬತ್ತು ಮನೆಯವರು ನಿಶ್ಚಿಂತೆಯಿಂದ ಮಲಗಿಯಾರೆ?

ಅಲ್ಲಿ ನಡೆದುದೂ ಇದೇ. ಒಡಂಬಡಿಕೆಯಾಗಿ ಎರಡು ವಾರಗಳಲ್ಲಿ ಬಾಲ್ಮರ್ ಅವರು ಲಿನಕ್ಸಿನಲ್ಲಿ ತಮ್ಮ ಸೊತ್ತು ಸೇರಿಕೊಂಡಿದೆ ಎಂದರು. ಹಾಗೆ ಒಪ್ಪಿಕೊಂಡಂತಲ್ಲ ಎಂದು ನೋವೆಲ್ ಬಹಿರಂಗವಾಗಿ ತಿಳಿಸಬೇಕಾಯಿತು. 2007ರ ಮೇ ತಿಂಗಳಲ್ಲಿ ಮುಕ್ತ ತಂತ್ರಾಂಶಗಳಿಂದ 235 ಪೇಟೆಂಟುಗಳ ಉಲ್ಲಂಘನೆಯಾಗಿದೆ ಎಂದು ಮೈಕ್ರೋಸಾಫ್ಟ್ ಸಾರಿತು. ಅವು ಯಾವುವೆಂಬ ಪಟ್ಟಿಯನ್ನು ಮುಂದಿಡಲಿಲ್ಲ. ಸಂಶಯಪಟ್ಟವರನ್ನು ಬರಿಯ ಶಂಕಾಶೀಲರೆಂದು ಹೇಗೆ ಹಳಿಯಬಹುದು?

ಮಕ್ಕಳೆ, ಆ ಜನರು ತಮ್ಮ ಸಂಶಯವನ್ನು ಏನು ಮಾಡಿದರೆಂಬುದೇ ಇಲ್ಲಿ ಗಮನಿಸಬೇಕಾದ ಅಂಶ. ಬೈಗುಳಾಡಿದವರೂ ಇದ್ದರು, ಅದು ಗಾಳಿಗೆ ಹೋಯಿತು. ಸಾಂಬಾ ಎಂಬ ತಂತ್ರಾಂಶದ ಕರ್ತೃಗಳಲ್ಲೊಬ್ಬರಾದ ಜೆರೆಮಿ ಆಲಿಸನ್, ನೋವೆಲಿನಲ್ಲಿದ್ದ ತಮ್ಮ ಉದ್ಯೋಗಕ್ಕೆ 2006ರ ಡಿಸೆಂಬರಿನಲ್ಲಿ ರಾಜೀನಾಮೆಯಿತ್ತರು. ಮತ್ತೆ ಕೆಲವರು ಕುಳಿತು ಪರವಾನಗಿಯನ್ನೇ ತಿದ್ದಿದರು. 2007ರ ಜೂನ್ 29ರಂದು ಪ್ರಕಟವಾದ ಜಿ.ಪಿ.ಎಲ್.ನ ಮೂರನೆಯ ಆವೃತ್ತಿಯು, ಕೆಲವರಿಗೆ ರಕ್ಷೆಯಿತ್ತು ಉಳಿದವರನ್ನು ಹೊರಗಿಡುವ ಇಂತಹ ಪೇಟೆಂಟ್ ಒಪ್ಪಂದಗಳಿಗೆ ತಡೆಯೊಡ್ಡಿತು. ಆ ವರ್ಷದ ಮಾರ್ಚ್ 28ಕ್ಕೆ ಮುಂಚಿನ ಒಪ್ಪಂದಗಳಿಗೆ ವಿನಾಯಿತಿಯನ್ನೂ ಕೊಟ್ಟಿತು. ಹಗೆ ತೀರಿಸಿಕೊಳ್ಳುವುದು ಅವರ ಉದ್ದೇಶವಾಗಿರಲಿಲ್ಲವೆಂಬುದಕ್ಕೆ ಇದೇ ಸಾಕ್ಷಿ. ಲಿನಕ್ಸಿನ ತಿರುಳು ಎರಡನೆಯ ಆವೃತ್ತಿಯಲ್ಲಿಯೇ ಉಳಿದರೂ, ಗ್ನುವಿನ ಅನೇಕ ಸಾಧನಗಳೂ ಸಾಂಬಾವೂ ಹೊಸದನ್ನು ಸ್ವೀಕರಿಸಿದವು.

ಕಾಲವು ಉರುಳಿತು. 2011ರಲ್ಲಿ ನೋವೆಲ್ ಬೇರೊಂದು ಕಂಪನಿಯ ಪಾಲಾಯಿತು. 2014ರಲ್ಲಿ ನಮ್ಮ ನೆರೆಯ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ ಅವರು ಮೈಕ್ರೋಸಾಫ್ಟಿನ ಮುಖ್ಯಾಧಿಕಾರಿಯಾದರು. 2016ರಲ್ಲಿ ಆ ಸಂಸ್ಥೆಯು ಲಿನಕ್ಸ್ ಫೌಂಡೇಶನ್ನಿನ ಸದಸ್ಯತ್ವ ಪಡೆಯಿತು. 2018ರ ಅಕ್ಟೋಬರಿನಲ್ಲಿ, ಪೇಟೆಂಟುಗಳನ್ನು ಲಿನಕ್ಸಿನ ವಿರುದ್ಧ ಬಳಸೆವು ಎಂದು ಸದಸ್ಯರೆಲ್ಲ ಒಪ್ಪುವ ಓಪನ್ ಇನ್ವೆನ್ಷನ್ ನೆಟ್‌ವರ್ಕ್ ಎಂಬ ಒಕ್ಕೂಟಕ್ಕೆ 60,000ಕ್ಕೂ ಹೆಚ್ಚು ಪೇಟೆಂಟುಗಳೊಡನೆ ಸೇರಿತು. ಮೊದಲಿನ ಮಾತು ಒಬ್ಬರ ಗ್ರಾಹಕರಿಗಷ್ಟೇ ಮೀಸಲಾಗಿತ್ತು. ಈ ಮಾತು ಒಕ್ಕೂಟಕ್ಕೆ ಸೇರಿದ ಎಲ್ಲರಿಗೂ ಸಲ್ಲುವಂಥದು. ಆಗಲೂ ಹಲವರ ಸಂಶಯವು ಪೂರ್ತಿ ಅಳಿಯಲಿಲ್ಲ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾನಷ್ಟೆ.

ಪಾಲಕರ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಮುಕ್ತ ತಂತ್ರಾಂಶವನ್ನು ಕಾಯುವುದು ಯಾವನೋ ಒಬ್ಬ ಧನಿಕನ ಕೃಪೆಯಲ್ಲ, ಬರೆದಿಟ್ಟ ನಿಯಮ ಮತ್ತು ಅದನ್ನು ಓದಿ ತಿಳಿದಿರುವ ಜನ. ಕಟ್ಟವನ್ನು ವರ್ಷವರ್ಷವೂ ಕಟ್ಟಬೇಕು. ಸ್ನೇಹಹಸ್ತ ಬಂದರೆ ಹಿಡಿಯಿರಿ. ಪತ್ರಕ್ಕೆ ರುಜು ಹಾಕುವ ಮುನ್ನ ಕೊನೆಯ ಸಾಲಿನವರೆಗೂ ಓದಿರಿ. ಅದರಿಂದ ನಮಗೇನು ಲಾಭವೆಂಬುದರ ಜೊತೆಗೆ ನೆರೆಯವನಿಗೇನು ನಷ್ಟವೆಂಬುದನ್ನೂ ಕೇಳಿರಿ. ಹಾಗೆ ಓದಬಲ್ಲ, ಕೇಳಬಲ್ಲ ಮಕ್ಕಳು ಈ ಶಾಲೆಯಿಂದ ಹೊರಬರಲೆಂದು ಹಾರೈಸುತ್ತೇವೆ.