ಇಸ್ಪೀಟ್ ಎಲೆಯೊಳಗೆ ಅಮೆಜಾನ್ ರಾಣಿ

ಅಮೆಜಾನ್ ಅಂದ್ರೆ ನಮಗೆ ಮೊದಲು ನೆನಪಾಗೋದು ಮನೆ ಬಾಗಿಲಿಗೆ ಬರೋ ಡಬ್ಬ. ಇವತ್ತಿನ ಅಮೆಜಾನ್ ಬೇರೆ. ಗ್ರೀಕರ ಕಥೆಗಳಲ್ಲಿ ಕುದುರೆ ಏರಿ ಕಾದಾಡುವ ಹೆಂಗಸರ ಪಡೆ. 17ನೇ ಶತಮಾನದ ಯುರೋಪಿನಲ್ಲಿ, ಅಂದರೆ ಬರೋಕ್ ಕಾಲದಲ್ಲಿ, ಇವರ ಚಿತ್ರಗಳನ್ನು ತಾಮ್ರದ ತಗಡಿನಲ್ಲಿ ಕೊರೆದು ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಅಂಥ ಎರಡನ್ನು ಅಕ್ಕಪಕ್ಕ ಇಟ್ಟು ನೋಡೋಣ.

ಮೊದಲನೆಯದು 1623ರದ್ದು. ರೂಬೆನ್ಸ್ ಬರೆದ ಅಮೆಜಾನರ ಯುದ್ಧದ ಚಿತ್ರವನ್ನು ಲೂಕಾಸ್ ವೊರ್ಸ್ಟರ್ಮನ್ ಆರು ತಗಡುಗಳ ಮೇಲೆ ಕೊರೆದ. ಆರು ಹಾಳೆ ಜೋಡಿಸಿದರೆ ಒಂದು ಚಿತ್ರ. ಸೇತುವೆ ಮೇಲೆ ಕುದುರೆಗಳ ನೂಕುನುಗ್ಗಲು, ಕೆಳಗೆ ಹೊಳೆಗೆ ಉರುಳುತ್ತಿರುವ ಹೆಂಗಸರು. ಅವರ ಧೈರ್ಯ ಕಾಣುತ್ತೆ, ನಿಜ. ಆದರೆ ಚಿತ್ರ ಹಿಡಿದಿರೋದು ಅವರು ಸೋಲುವ ಗಳಿಗೆಯನ್ನು.

ಎರಡನೆಯದು 1644ರ ಪ್ಯಾರಿಸ್‌ನದು, ಇಸ್ಪೀಟ್ ಎಲೆಗಳು. ರಾಜ 14ನೇ ಲೂಯಿ ಇನ್ನೂ ಪುಟ್ಟ ಹುಡುಗ, ಆ ವರ್ಷ ಅವನಿಗೆ ಆರು ತುಂಬಿತು. ಆಡ್ತಾ ಆಡ್ತಾ ಕಲೀಲಿ ಅಂತ ಮಂತ್ರಿ ಮಜಾರಿನ್ ಇವನ್ನು ಮಾಡಿಸಿದ. ಆಟದ ಯೋಜನೆ ಕವಿ ದೆಮಾರೆಯದು, ಚಿತ್ರ ಸ್ಟೆಫಾನೊ ದೆಲ್ಲಾ ಬೆಲ್ಲಾನದು. 52 ಎಲೆ, 52 ರಾಣಿಯರು. ಟ್ರಾಯ್ ಯುದ್ಧದಲ್ಲಿ ಅಕಿಲೀಸನ ಕೈಯಲ್ಲಿ ಸತ್ತ ಅಮೆಜಾನ್ ರಾಣಿ ಪೆಂಥಿಸಿಲಿಯಾಗೂ ಇಲ್ಲೊಂದು ಎಲೆ ಇದೆ. ಅದು ಪೂರ್ತಿ ಅವಳದೇ.

ಯಾಕೆ ಈ ಗೌರವ? ಫ್ರಾನ್ಸಿನಲ್ಲಿ ಹೆಣ್ಣು ಸಿಂಹಾಸನಕ್ಕೆ ವಾರಸುದಾರಳಾಗುವಂತಿರಲಿಲ್ಲ. ಆದರೆ ಮಗ ಚಿಕ್ಕವನಾದ್ದರಿಂದ 1643ರಿಂದ ಅವನ ಹೆಸರಲ್ಲಿ ರಾಜ್ಯ ನಡೆಸುತ್ತಿದ್ದವಳು ತಾಯಿ ಆನ್. ಹೆಣ್ಣಾಳ್ವಿಕೆ ಸಹಜ ಅನ್ನಿಸೋಕೆ ಹಳೇ ರಾಣಿಯರ ಕಥೆ ಅರಮನೆಗೆ ಬೇಕಿತ್ತು ಅಂತ ನನಗನ್ನಿಸುತ್ತೆ.

ಆದರೆ ಒಂದು ಪೇಚಿದೆ. ಪ್ರತಿ ರಾಣಿಗೂ ಒಂದೊಂದು ಪದದ ಹಣೆಪಟ್ಟಿ: ಸಾಧ್ವಿ, ವೀರೆ, ಕ್ರೂರಿ, ನತದೃಷ್ಟೆ, ಹೀಗೆ. ಮುಂದೆ ದೇಶ ಆಳುವ ಹುಡುಗ ಹೆಂಗಸರ ಇಡೀ ಬದುಕನ್ನು ಒಂದೇ ಪದದಲ್ಲಿ ವಿಂಗಡಿಸೋದನ್ನೂ ಆಟದ ಜೊತೆಗೇ ಕಲಿತ. ‘ವೀರೆ’ ಅನ್ನೋದು ಹೊಗಳಿಕೆಯೇ. ಆದರೂ ಅದು ಬೇರೆಯವರು ಅಂಟಿಸಿದ ಚೀಟಿ.

ಹಾಗಾಗಿ ಯೋಧೆಯ ಚಿತ್ರ ಎದುರಾದಾಗ ಎರಡು ಪ್ರಶ್ನೆ ಕೇಳಿ ನೋಡಿ. ಅವಳ ಬದುಕಿನ ಯಾವ ಗಳಿಗೆಯನ್ನು ಆರಿಸಿದ್ದಾರೆ? ಅದನ್ನು ಮಾಡಿಸಿದ್ದು ಯಾರು, ಯಾರಿಗಾಗಿ? ಎರಡೂ ಚಿತ್ರ ಆನ್‌ಲೈನಲ್ಲಿ ಸಿಗುತ್ತವೆ. ಜೂಮ್ ಮಾಡಿ ನೋಡಿ, ಏನನ್ನಿಸಿತು ಅಂತ ಬರೀರಿ. ಮತ್ತೆ ಸಿಗೋಣ.